ಸಂಜೆ ರೈಲಿನವರ ಸನ್ಮಾನ

ಬಂಗಾರಪೇಟೆ ನಾಗರಿಕ ವೇದಿಕೆಯ ಅಧ್ಯಕ್ಷ ರಾಮಚಂದ್ರಪ್ಪನವರು ಇಪ್ಪತ್ತು ವರ್ಷಗಳಲ್ಲಿ ಅದೆಷ್ಟು ಜನರಿಗೆ ಶಾಲು ಹೊದಿಸಿದ್ದರೋ ಅವರಿಗೇ ನೆನಪಿರಲಿಲ್ಲ. ಆದರೆ ಸನ್ಮಾನಕ್ಕೆ ಷರತ್ತು ಹಾಕಿದವರನ್ನು ಮಾತ್ರ ಇದುವರೆಗೆ ಕಂಡಿರಲಿಲ್ಲ. ತ್ರಿವೇಣಿ ಹಾಕಿದರು.

ತ್ರಿವೇಣಿ ಊರಾಚೆಯ ಟೊಮೆಟೊ ಸಾಸ್ ಕಾರ್ಖಾನೆಯ ಜನರಲ್ ಮ್ಯಾನೇಜರ್. ಮಾರಿಕುಪ್ಪಂನಿಂದ ನಸುಕಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುವ ಹೆಂಗಸರು ಕೂಸುಗಳನ್ನು ಅವರಿವರ ಮನೆಬಾಗಿಲಲ್ಲಿ ಬಿಟ್ಟು ಓಡುವುದನ್ನು ಅವರು ನೋಡಿದ್ದರು. ಒಂದು ವರ್ಷ ನಗರಸಭೆಗೆ ಅಲೆದು ಮಾರಿಕುಪ್ಪಂ ಸ್ಟೇಷನ್ ಹತ್ತಿರದ ಪಾಳು ಕಟ್ಟಡವೊಂದನ್ನು ಕೇಳಿ ಪಡೆದರು. ಬೀದಿಯವರನ್ನೆಲ್ಲ ಸೇರಿಸಿ ಸುಣ್ಣ ಬಳಿಸಿ, ರೈಲಿಗೆ ಮೊದಲೇ ಬಾಗಿಲು ತೆರೆಯುವ ಶಿಶುವಿಹಾರ ಮಾಡಿಸಿದರು. ಆ ಹೆಂಗಸರಲ್ಲಿ ಒಬ್ಬರೂ ಅವರ ಕಾರ್ಖಾನೆಯವರಲ್ಲ.

"ಬುಧವಾರ ಹನ್ನೊಂದು ಗಂಟೆಗೆ ಕಲ್ಯಾಣಮಂಟಪದಾಗೆ ಇಟ್ಕೊಂಡಿದ್ದೀವಮ್ಮ," ಎಂದರು ರಾಮಚಂದ್ರಪ್ಪ.

"ಆ ತಾಯಂದಿರು ಬರ್ತಾರಾ?"

"ಅವ್ರು ಕೆಲಸಕ್ಕೋಗಿರ್ತಾರಲ್ಲಮ್ಮ."

"ಹಂಗಾದ್ರೆ ಸಂಜೆ ರೈಲು ಬಂದ ಮೇಲೆ ಶಿಶುವಿಹಾರದ ಮುಂದೇನೇ ಮಾಡಿ ಸಾರ್. ಅವರಿಲ್ದೆ ನಾನೊಬ್ಬಳೇ ಶಾಲು ಹೊದ್ದುಕೊಂಡು ಏನ್ ಮಾಡ್ಲಿ?"

ಮನೆಗೆ ಬಂದು ಗೊಣಗಿದರೆ ಹೆಂಡತಿ ವೆಂಕಟರತ್ನಮ್ಮ ನಕ್ಕುಬಿಟ್ಟರು. "ಒಳ್ಳೇದೇ ಆಯ್ತು ಬಿಡ್ರಿ. ನಿಮ್ ಮಂಟಪ ಮುಂದಿನ ಸಾಲು ಬಿಟ್ಟು ಯಾವತ್ತು ತುಂಬಿತ್ತು?"

ಬುಧವಾರ ಸಂಜೆ ರೈಲಿನಿಂದ ಹೆಂಗಸರು ದಬದಬನೆ ಇಳಿದು ಬಂದರು. ಮಕ್ಕಳನ್ನು ಕಂಕುಳಿಗೆ ಎತ್ತಿಕೊಂಡರು. ಹಾಕಿಸಿದ್ದ ಕುರ್ಚಿಗಳಲ್ಲಿ ಒಬ್ಬರೂ ಕೂರಲಿಲ್ಲ. ರಾಮಚಂದ್ರಪ್ಪನವರು ಗಂಟಲು ಸರಿಮಾಡಿಕೊಂಡು, ತಾವೇ ಬರೆದ ಎಂಟು ಪುಟದ ಮಾನಪತ್ರ ತೆಗೆದು ಓದತೊಡಗಿದರು. ಎರಡನೇ ಪುಟಕ್ಕೆ ಬಂದಿದ್ದರಷ್ಟೆ.

"ಸಾ, ಮನೇಗೋಗಿ ಮುದ್ದೆ ಮಾಡ್ಬೇಕು. ಬಿರ್ನೆ ಮುಗ್ಸಿ!"

ಕೂಗಿದವಳು ಮುನಿಶಾಮಮ್ಮ, ಬೆಂಗಳೂರಿನಲ್ಲಿ ಗಾರೆ ಕೆಲಸದವಳು. ಎಲ್ಲರೂ ಗೊಳ್ಳೆಂದು ನಕ್ಕರು. ರಾಮಚಂದ್ರಪ್ಪನವರ ಮುಖ ಕೆಂಪಾಯಿತು. ತಿರುಗಿ ನೋಡಿದರೆ ತ್ರಿವೇಣಿಯೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾರೆ! ಅಧ್ಯಕ್ಷರಿಗೂ ನಗು ತಡೆಯಲಾಗಲಿಲ್ಲ.

"ಹಂಗಾದ್ರೆ ನೀನೇ ಬಂದು ಮಾತಾಡಮ್ಮ," ಎಂದು ಮೈಕು ಚಾಚಿದರು.

ಮುನಿಶಾಮಮ್ಮ ಹಿಂಜರಿಯುತ್ತಲೇ ಮುಂದೆ ಬಂದಳು. "ನಾನೇನ್ ಏಳ್ಲಿ ಸಾ. ಮೊದ್ಲು ರೈಲ್ನಾಗೆ ಕುಂತ್ರೆ ಮಗ ಅಳೋದೇ ಕಿವ್ಯಾಗೆ ಕೇಳ್ತಿತ್ತು. ಈಗ ಕುಂತಿದ್ದೇ ನಿದ್ದೆ ಬತ್ತೈತೆ. ಈ ಮೇಡಮ್ಮು ನಮ್ಗೆ ನಿದ್ದೆ ಕೊಟ್ಟವ್ರೆ."

"ಕರೆಕ್ಟಾ ಸೊನ್ನೆಕ್ಕಾ!" ಸರಿಯಾಗಿ ಹೇಳಿದೆ ಅಕ್ಕಾ ಎಂದು ಯಾರೋ ತಮಿಳಿನಲ್ಲಿ ಕೂಗಿದ್ದೇ ತಡ, ಚಪ್ಪಾಳೆ ಸಿಡಿಯಿತು. ತ್ರಿವೇಣಿ ಕಣ್ಣೊರೆಸಿಕೊಂಡರು. ರಾಮಚಂದ್ರಪ್ಪನವರು ಉಳಿದ ಪುಟಗಳನ್ನು ಮಡಚಿ ಜೇಬಿಗೆ ತುರುಕಿ, ಶಾಲನ್ನು ಮುನಿಶಾಮಮ್ಮನ ಕೈಯಿಂದಲೇ ತ್ರಿವೇಣಿಗೆ ಹೊದಿಸಿದರು. ತಾವು ಪೇಟ ತೊಡಿಸಿದರೆ, ಮುನಿಶಾಮಮ್ಮನ ಮಗ ಅದನ್ನು ಕಿತ್ತುಕೊಂಡು ಬಿಡಲೇ ಒಲ್ಲ. ಕೊನೆಗೆ ತ್ರಿವೇಣಿ ಅವನನ್ನೇ ಎತ್ತಿಕೊಂಡು ಫೋಟೊಗೆ ನಿಂತರು.

ಲಾಡು ಹಂಚುವಾಗ ಮುನಿಶಾಮಮ್ಮ ಮತ್ತೆ ಬಂದಳು. "ಸಾ, ಇಲ್ಲಿ ನಲ್ಲಿ ಕೆಟ್ಟು ಎಂಟು ದಿನ ಆತು. ಎಲ್ಲಾದ್ಕೂ ಮೇಡಮ್ಮೇ ಓಡಾಡ್ಬೇಕಾ?"

ತ್ರಿವೇಣಿ ರಾಮಚಂದ್ರಪ್ಪನವರ ಮುಖ ನೋಡಿದರು.

ಮರುದಿನ ನಗರಸಭೆ ಬಾಗಿಲು ತೆರೆಯುವ ಮೊದಲೇ ಅಧ್ಯಕ್ಷರು ಅಲ್ಲಿ ನಿಂತಿದ್ದರು. ಅದರ ಮರುದಿನವೂ. ಶನಿವಾರ ಪ್ಲಂಬರನ ಜೊತೆ ತಾವೇ ಮಾರಿಕುಪ್ಪಂಗೆ ಹೋದರು. ನಲ್ಲಿ ಒಮ್ಮೆ ಕೆಮ್ಮಿ ಭರ್ರೆಂದು ನೀರುಗುಳಿದಾಗ ಮಕ್ಕಳು ಕೇಕೆ ಹಾಕಿದರು. ಅಧ್ಯಕ್ಷರ ಇಸ್ತ್ರಿ ಪಂಚೆ ಮೊಣಕಾಲವರೆಗೂ ತೊಯ್ದುಹೋಯಿತು. ಅದರಲ್ಲೇ ರೈಲು ಹತ್ತಿ, ಬಂಗಾರಪೇಟೆ ಬರುವವರೆಗೂ ಎದುರಿಗೆ ಕೂತವರಿಗೆಲ್ಲ ನಲ್ಲಿ ರಿಪೇರಿಯ ಕಥೆಯನ್ನೇ ಹೇಳಿದರು.