ತಿಮ್ಮರಾಜುವಿನ ಎಲೆ

ಗೋವಿಂದನಹಳ್ಳಿಯ ಬೆಟ್ಟಮ್ಮನಿಗೆ ಆ ಮಹಾಲಯ ಅಮಾವಾಸ್ಯೆಯಂದು ಬೇಕಿದ್ದದ್ದು ಒಂದೇ: ಸತ್ತ ಮಗ ಬಂದು ಹೊಟ್ಟೆ ತುಂಬ ಉಣ್ಣಬೇಕು. ತೊಂಬತ್ತೈದನೇ ಇಸವಿಯಲ್ಲಿ ಒಂದು ಬೆಳಗ್ಗೆ ತಾಯಿಯ ಮೇಲೆ ಮುನಿಸಿಕೊಂಡು ಉಣ್ಣದೆ ಗದ್ದೆಗೆ ಹೋದ ತಿಮ್ಮರಾಜು ಟ್ರಾಕ್ಟರು ಮಗುಚಿ ಹಾಗೇ ಹೋಗಿಬಿಟ್ಟಿದ್ದ. ವರ್ಷ ತುಂಬಿದ ಮೇಲೆ ಅವನಿಗೆ ಇದೇ ಮೊದಲ ಎಡೆ.

ಗಂಡ ಹೊನ್ನಪ್ಪನ ಚಟವೇ ಬೇರೆ. ಪಂಚಲಿಂಗೇಶ್ವರನ ಗುಡಿ ನೋಡಲು ಬಂದವರನ್ನು ಮನೆಗೆ ಎಳೆದು ತರುವುದು, ಆಮೇಲೆ ಅದನ್ನೇ ಊರೆಲ್ಲ ಹೇಳಿಕೊಂಡು ತಿರುಗುವುದು. ಅವತ್ತೂ ಒಬ್ಬ ಬಿಳಿ ಹುಡುಗನನ್ನು ಹಿಡಿದು ತಂದ. ಬೆನ್ನಿಗೆ ಮೂಟೆಯಂಥ ಚೀಲ, ಕಾಲೆಲ್ಲ ಧೂಳು. ಕಲ್ಲು ಕೆತ್ತನೆ ನೋಡೀ ನೋಡೀ ಬಸವಳಿದಿದ್ದ ಪಾಪ.

"ಇವತ್ತೇ ಸಿಕ್ಕುದ್ನಾ ಇವ್ನು ನಿಮ್ಗೆ?" ಬೆಟ್ಟಮ್ಮ ಸಿಡುಕಿದಳು.

"ಅಸ್ದವ್ನೆ ಕಣಮ್ಮಿ. ಎಡೆ ಆದ್ಮೇಲೆ ನಮ್ ಜೊತೇಲಿ ಒಂದ್ ಮುದ್ದೆ ಉಣ್ಲಿ ಬುಡು."

ಹೊನ್ನಪ್ಪ ಹುಡುಗನಿಗೆ ಬಾಯಿಗೆ ಕೈ ಒಯ್ದು ಊಟದ ಸನ್ನೆ ಮಾಡಿದ, ಒಳಗೆ ಬೆರಳು ತೋರಿಸಿದ, ಕೈಕಾಲು ತೊಳೆದುಕೋ ಎಂದು ಹಿತ್ತಿಲಿಗೆ ಕಳಿಸಿದ. ಎಡೆ ಆಗುವ ತನಕ ಕಾಯಬೇಕೆಂದು ಸನ್ನೆಯಲ್ಲಿ ಹೇಳುವುದು ಅವನಿಗೆ ಹೊಳೆಯಲೇ ಇಲ್ಲ.

ನಡುಮನೆಯಲ್ಲಿ ಮಗನ ಫೋಟೋ ಮುಂದೆ ಎಲೆ ಬಿತ್ತು. ಮುದ್ದೆ, ಬಾಡಿನ ಸಾರು, ವಡೆ, ಕಜ್ಜಾಯ, ಒಂದು ಕಟ್ಟು ಬೀಡಿ. "ಬಾ ಮಗ, ಮುನಿಸ್ಕಬ್ಯಾಡ, ಉಣ್ಣು ಬಾ," ಎಂದು ಕರೆದು, ಸಾಂಬ್ರಾಣಿ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಸತ್ತವರು ಉಣ್ಣುವುದನ್ನು ಬದುಕಿದವರು ನೋಡಬಾರದು.

ಒಳಗೆ ಲೋಟದ ಸದ್ದಾಯಿತು. ಬೆಟ್ಟಮ್ಮ ಗಂಡನ ತೋಳು ಹಿಡಿದುಕೊಂಡಳು. "ಬಂದ ಕಣ್ರೀ! ಬಂದ!" ಅವಳಿಗೆ ಅಳು ಉಕ್ಕಿ ಬಂತು.

ಬಾಗಿಲು ತೆಗೆದರೆ ಎಲೆಯ ಮುಂದೆ ಬಿಳಿ ಹುಡುಗ. ಹಿತ್ತಿಲ ಬಾಗಿಲಿನಿಂದ ಬಂದವನು ತನಗೇ ಬಡಿಸಿದ್ದಾರೆಂದು ಕೂತುಬಿಟ್ಟಿದ್ದ. ಖಾರಕ್ಕೆ ಕಣ್ಣುಮೂಗಲ್ಲೆಲ್ಲ ನೀರು. ಹೊನ್ನಪ್ಪ ಹೌಹಾರಿದ. ಪಕ್ಕದ ಮನೆಯ ಮಂಚಮ್ಮ ಮಾತ್ರ ಕೈಮುಗಿದಳು: "ಬಯ್ಬ್ಯಾಡಿ! ತಿಮ್ಮರಾಜುನೇ ಇವ್ನ ಮೈಮೇಲೆ ಬಂದವ್ನೆ!"

ಬೆಟ್ಟಮ್ಮನ ಜೀವ ಅಷ್ಟಕ್ಕೇ ಆಸೆಪಟ್ಟಿತು. ಹುಡುಗನ ಎದುರು ಕುಕ್ಕರಿಸಿದಳು. "ಉಣ್ಣು ಮಗ, ಪೂರ್ತಿ ಉಣ್ಣು."

ಅವನು ನಕ್ಕು, ಇನ್ನೊಂದು ತುತ್ತು ಮುದ್ದೆ ಬಾಯಿಗಿಟ್ಟು ಅಗಿದ. ನುಂಗುವುದನ್ನು ಅಗಿದರೆ ಇನ್ನೇನಾಗುತ್ತದೆ, ಹಲ್ಲಿಗೆಲ್ಲ ಮೆತ್ತಿಕೊಂಡಿತು. ಅಂಗೈಗೆ ಉಗುಳಿ, ಬಾಡಿನ ಚೂರುಗಳನ್ನು ಎಲೆಯ ಅಂಚಿಗೆ ಸರಿಸಿ, ನಾಚಿಕೊಂಡು ಕೈಮುಗಿದು ಎದ್ದ. ಬೆಟ್ಟಮ್ಮ ಎಂಜಲೆಲೆಯನ್ನೇ ನೋಡುತ್ತ ಕೂತಳು.

ಸಂಜೆ ಹೊನ್ನಪ್ಪ ಹುಡುಗನನ್ನು ಕಿಕ್ಕೇರಿ ಬಸ್ಸು ಹತ್ತಿಸಿ ಬಂದ. ಮುಖದಲ್ಲಿ ಹೊಸ ಕಳೆ. "ಊರೋರೆಲ್ಲ ಅದ್ನೇ ಮಾತಾಡ್ತಾವ್ರೆ ಕಣಮ್ಮಿ. ತಿಮ್ಮರಾಜು ಬಂದು ಉಂಡೋದ ಅಂತ."

"ಉಂಡೋದ್ನಾ?" ಬೆಟ್ಟಮ್ಮ ತಲೆಯೆತ್ತಿದಳು. "ಮುದ್ದೆ ಉಗುಳ್ದೋನು ನನ್ ಮಗ ಅಲ್ಲ. ನನ್ ಮಗ ಬಂದಿದ್ದ. ಅವ್ವ ಕರುದ್ಲು ಅಂತ ಮುನಿಸು ಬುಟ್ಟು ಬಂದಿದ್ದ. ತನ್ನೆಲೆ ಮುಂದೆ ಯಾವನೋ ಕೂತಿರೋದ್ನ ಕಂಡು ಅಸ್ಕೊಂಡೇ ತಿರುಗ್ಕೊಂಡೋದ. ನೀವ್ ಕೂರ್ಸುದ್ರಿ ಅವನ್ನ."

ಹೊನ್ನಪ್ಪನ ಮುಖ ಇಳಿಯಿತು. "ಮುಂದಿನ್ ವರ್ಸ ಇನ್ನೂ ಚೆಂದಾಗಿ ಇಕ್ಕಾನ ಬುಡು."

"ಇಕ್ಕಾನ. ನಾ ಕರುದ್ರೆ ಅವ್ನು ಇನ್ ನಂಬ್ತಾನಾ?"