ನೀಲಿ ಕೈಗಳಿಗೆ ಊಟವಿಲ್ಲ

ಮೀನು ಹಾಳಾಗಿತ್ತು ಎಂದು ಡೋಲ್ಫಿ ಎಲ್ಲರ ಎದುರಿಗೇ ಹೇಳಿದ್ದು ಕಾಸಿಂ ಕುಂಞಿಯ ಮನಸ್ಸಿನಲ್ಲಿ ಮುಳ್ಳಾಗಿ ಕೂತಿತ್ತು. ಕೊಲ್ಲಿ ದೇಶದ ವಫ್ರಾದ ಆ ತೋಟದಲ್ಲಿ ಹನ್ನೊಂದು ವರ್ಷಗಳಿಂದ ಇಪ್ಪತ್ಮೂರು ಜನರಿಗೆ ಅಡುಗೆ ಮಾಡುತ್ತಿದ್ದವನು ಅವನು. ಅವನ ಕೈಯ ಅಡುಗೆ ತಿಂದು ಯಾರೂ ಕಾಯಿಲೆ ಬಿದ್ದು ಮಲಗಿದ್ದಿಲ್ಲ. ಟೊಮೆಟೊ ಡಬ್ಬಿ ಇರಲಿ, ಎಣ್ಣೆಯ ಕ್ಯಾನ್ ಇರಲಿ, ಮೂಗಿನ ತುದಿಗೆ ಕನ್ನಡಕ ಇಳಿಸಿ ತಾರೀಖು ಓದದೆ ಒಲೆಯ ಹತ್ತಿರ ಬಿಡುವವನಲ್ಲ. ಆದರೆ ಆ ವಾರ ನಾಲ್ಕು ಜನ ವಾಂತಿ ಮಾಡಿಕೊಂಡಿದ್ದರು. ಬಾಂಗ್ಲಾದ ಮಕ್ಬುಲನಿಗಂತೂ ತಲೆನೋವು ಇಳಿದೇ ಇರಲಿಲ್ಲ. ಮೇಲ್ವಿಚಾರಕ ಡೋಲ್ಫಿ, ಶಿರ್ವದವನು, ಊರಿನ ಕಡೆಯವನೆಂಬ ದಾಕ್ಷಿಣ್ಯವನ್ನೂ ನೋಡದೆ ಹೇಳಿಬಿಟ್ಟಿದ್ದ: "ಬ್ಯಾರಿಗಳೇ, ನಿಮ್ಮ ಮೀನು ಸರಿಯಿರ್ಲಿಲ್ಲ."

ಅದು ಎರಡು ಸಾವಿರದ ಎಂಟರ ನವೆಂಬರ್. ಆ ಚಳಿಗಾಲಕ್ಕೆ ಹಸಿರುಮನೆಗಳ ಆಚೆಯ ಬಯಲಿನಲ್ಲಿ ಕನೋಲಾ ಎಂಬ ಎಣ್ಣೆಬೀಜ ಬಿತ್ತಿ ನೋಡಬೇಕೆಂದು ತೋಟದ ಯಜಮಾನ, ಎಲ್ಲರ ವೀಸಾ ಹಿಡಿದಿದ್ದ ಕಫೀಲ್ ಅಬು ನಾಸಿರ್‌ಗೆ ಮನಸ್ಸಾಗಿತ್ತು. ಸಾಸಿವೆಯಷ್ಟೇ ಸಣ್ಣ ಬೀಜ. ಬಂದದ್ದು ಮಾತ್ರ ನೀಲಿ ಬಣ್ಣ ಮೆತ್ತಿಕೊಂಡು. ಬಿತ್ತನೆ ಶುರುವಾಗಿ ಐದನೆಯ ದಿನ ಬೆಳಿಗ್ಗೆ ಡೋಲ್ಫಿ ಮೂರು ಖಾಲಿ ಚೀಲಗಳನ್ನು ಅಡುಗೆಮನೆಗೆ ಕಳಿಸಿದ. ಗಟ್ಟಿ ಚೀಲ, ಈರುಳ್ಳಿ ತುಂಬಿಡಲು ಆಗುತ್ತದೆ ಎಂದು.

ಕಾಸಿಂ ಕುಂಞಿ ಒಂದನ್ನು ತಿರುಗಿಸಿ ಕೊಡವಿದ. ನೀಲಿ ಪುಡಿ ಎದ್ದು ಗಂಟಲಿಗೆ ಕಾರವಾಗಿ ತಾಗಿತು. ಅವನು ಚೀಲವನ್ನು ಬಿಸಿಲಿಗೆ ಒಯ್ದು ಕನ್ನಡಕ ಇಳಿಸಿದ. ಹತ್ತನೆಯ ಕ್ಲಾಸಿನ ಇಂಗ್ಲಿಷು. ಒಂದೊಂದೇ ಶಬ್ದ ಬಿಡಿಸಿ ಓದಲು ಕಾಲು ಗಂಟೆ ಹಿಡಿಯಿತು. ಈ ಬೀಜಕ್ಕೆ ಹುಳದ ಮದ್ದೂ ಬೂಷ್ಟು ಹಿಡಿಯದ ಮದ್ದೂ ಹಚ್ಚಿದೆ. ಮನುಷ್ಯರು ತಿನ್ನಬಾರದು, ಜಾನುವಾರಿಗೆ ಹಾಕಬಾರದು, ಎಣ್ಣೆ ತೆಗೆಯಬಾರದು. ಕೈಗವಸು ಹಾಕದೆ ಮುಟ್ಟಬಾರದು, ಪುಡಿಯನ್ನು ಉಸಿರಿಗೆ ಎಳೆದುಕೊಳ್ಳಬಾರದು. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಬೇಕು. ಖಾಲಿ ಚೀಲವನ್ನು ಬೇರೆ ಯಾವುದಕ್ಕೂ ಬಳಸಬಾರದು.

ಓದಿ ಮುಗಿಸಿ ಅವನು ಚೀಲಗಳನ್ನು ಅಂಗಳದ ಮೂಲೆಗೆ ಎಸೆದ. ತನ್ನ ಕೈಯನ್ನು ಮೂರು ಸಲ ತೊಳೆದ. ಆಮೇಲೆ, ಒಬ್ಬನೇ ಇದ್ದರೂ ಗಟ್ಟಿಯಾಗಿ ಹೇಳಿದ: "ನನ್ನ ಮೀನಂತೆ!"

ಮಧ್ಯಾಹ್ನ ಜನ ಊಟಕ್ಕೆ ಬಂದಾಗ ಅವನು ಮೊದಲ ಬಾರಿಗೆ ಅವರ ಕೈಗಳನ್ನು ನೋಡಿದ. ನಾಲ್ಕು ದಿನ ಅವೇ ಕೈಗಳಿಗೆ ತಟ್ಟೆ ಕೊಟ್ಟಿದ್ದ. ಬಣ್ಣ ಹಿಡಿದ ಕೆಲಸದ ಕೈ ಎಂದು ಬಿಟ್ಟಿದ್ದ. ಮಣಿಕಟ್ಟಿನವರೆಗೂ ನೀಲಿ. ಬಿತ್ತುವ ಯಂತ್ರಕ್ಕೆ ಬೀಜ ಸುರಿದು, ಉಳಿದದ್ದನ್ನು ಬರಿಗೈಯಲ್ಲಿ ಗೋರಿ, ಅದೇ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದಿದ್ದರು. ಮಕ್ಬುಲನ ಮೀಸೆಯಲ್ಲೂ ನೀಲಿಯಿತ್ತು.

ಕಾಸಿಂ ಕುಂಞಿ ಅನ್ನದ ಹಂಡೆಯ ಮುಚ್ಚಳ ಹಾಕಿದ. ಬಡಿಸುವ ಕಿಟಕಿಯ ಬಾಗಿಲು ಎಳೆದು ಚಿಲಕ ಸಿಕ್ಕಿಸಿ, ಹೊರಗೆ ಬಂದು, ಮೂಲೆಯ ಒಂದು ಚೀಲ ಎತ್ತಿಕೊಂಡು ಅಡ್ಡ ನಿಂತ.

"ಕೈ ತೊಳೆಯದವರಿಗೆ ಊಟ ಇಲ್ಲ ಭಾಯಿ. ಸೋಪು ಹಾಕಿ, ಮೊಣಕೈವರೆಗೆ."

ಗದ್ದಲವೆದ್ದಿತು. ಹತ್ತಿರದ ನಲ್ಲಿಯನ್ನು ನೀರು ಉಳಿಸಲೆಂದು ಡೋಲ್ಫಿ ಬಂದ್ ಮಾಡಿಸಿ ತಿಂಗಳಾಗಿತ್ತು. ಇನ್ನೊಂದು ಇದ್ದದ್ದು ಹಸಿರುಮನೆಗಳ ಕೊನೆಗೆ. ಹಸಿದವರಿಗೆ ಅಷ್ಟು ದೂರ ನಡೆಯುವ ತಾಳ್ಮೆ ಎಲ್ಲಿಂದ ಬರಬೇಕು? ಒಬ್ಬ ಅವನನ್ನು ತಳ್ಳಲೂ ಬಂದ. ಕಾಸಿಂ ಕುಂಞಿ ಅಲುಗಲಿಲ್ಲ. ಚೀಲವನ್ನು ಎತ್ತಿ ಹಿಡಿದು, ಅದರಲ್ಲಿ ಬರೆದದ್ದನ್ನು ತನಗೆ ಬಂದ ಹಿಂದಿಯಲ್ಲಿ ಸಾಲುಸಾಲಾಗಿ ಹೇಳಿದ. ಗದ್ದಲ ಇಳಿಯುತ್ತ ಬಂತು. ಮಕ್ಬುಲ್ ತನ್ನ ಎರಡೂ ಅಂಗೈಗಳನ್ನು ಬಿಡಿಸಿ ನೋಡಿಕೊಂಡ.

"ಅಂದರೆ ಮೀನಲ್ಲ?" ಎಂದು ಕೇಳಿದ.

"ಮೀನಲ್ಲ. ಆ ಮೀನನ್ನು ನಾನೂ ತಿಂದಿದ್ದೇನೆ. ನನಗೇನಾಗಿದೆ, ಹೇಳು?"

ಅಷ್ಟರಲ್ಲಿ ಡೋಲ್ಫಿಯ ಪಿಕಪ್ ಬಂತು. ಅವನು ಇಳಿದವನೇ ಕೂಗಿದ: "ಎಂತ ಬ್ಯಾರಿಗಳೇ ಇದು? ಒಂದು ಗಂಟೆಗೆ ಮಿಷನ್ ಶುರುವಾಗ್ಬೇಕು. ಬಡಿಸಿ."

"ಬಡಿಸುದಿಲ್ಲ ಪೊರ್ಬುಗಳೇ. ಮೊದಲು ಆ ನಲ್ಲಿ ಬಿಡಿಸಿ," ಎಂದ ಕಾಸಿಂ ಕುಂಞಿ, ಊರಿನಲ್ಲಿ ಕ್ರಿಸ್ತಿಯನ್ನರನ್ನು ಕರೆಯುವ ಹಾಗೇ.

"ಬೀಜ ಮಾರಾಯ್ರೆ ಅದು, ವಿಷದ ಬಾಟ್ಲಿ ಅಲ್ಲ! ನಾನೂ ಬೆಳಿಗ್ಗೆಯಿಂದ ಮುಟ್ಟಿದ್ದೇನೆ, ಸತ್ತಿದ್ದೇನಾ?" ಎನ್ನುತ್ತ ಡೋಲ್ಫಿ ತಾನೇ ಒಂದು ತಟ್ಟೆ ಎತ್ತಿ ಮುಂದೆ ಹಿಡಿದ. ಅವನ ಬೆರಳುಗಳೂ ನೀಲಿಯಾಗಿದ್ದವು.

ಕಾಸಿಂ ಕುಂಞಿ ತಟ್ಟೆಯನ್ನು ಮೆಲ್ಲನೆ ಅವನ ಕೈಯಿಂದ ತೆಗೆದು ಕೆಳಗಿಟ್ಟ. "ನಿಮಗೂ ಇಲ್ಲ."

ಡೋಲ್ಫಿಯ ಮುಖ ಕೆಂಪಾಯಿತು. "ಇಲ್ಲಿ ಇರ್ಬೇಕಾದ್ರೆ ಇಕಾಮಾ ರಿನ್ಯೂ ಮಾಡ್ಬೇಕಾ ಬೇಡ್ವಾ ನಿಮಗೆ? ಕಫೀಲ್‌ಗೆ ಒಂದು ಫೋನ್ ಮಾಡಿದ್ರೆ ಖಲಾಸ್."

"ಮಾಡಿ. ಈಗ್ಲೇ ಮಾಡಿ. ಬರುವಾಗ ಇದನ್ನೊಮ್ಮೆ ಓದ್ಲಿಕ್ಕೆ ಹೇಳಿ."

ಹೇಳಿದ್ದೇನೋ ಹೇಳಿದ, ಕೆಲಸ ಹೋದರೆ ಮನೆ ನಡೆಯುವುದು ಕಷ್ಟವಿತ್ತು. ಊರಲ್ಲಿ ಹೆಂಡತಿ ನಫೀಸಮ್ಮ. ಮಗಳಿಗೆ ಮದುವೆ ಗೊತ್ತಾಗಿತ್ತು. ಆದರೂ ಕಿಟಕಿಯ ಮುಂದಿನಿಂದ ಸರಿಯಬೇಕೆಂದು ಅವನಿಗೆ ಅನಿಸಲಿಲ್ಲ. ತಾನು ಬೇಯಿಸಿದ ಅನ್ನದ ಜೊತೆ ವಿಷ ಕಲಸಿಕೊಂಡು ತಿನ್ನುವುದನ್ನು ನೋಡುತ್ತ ನಿಲ್ಲಲು ಅವನಿಂದಾಗದು.

ಡೋಲ್ಫಿ ಫೋನ್ ಹಿಡಿದು ಆಚೆ ಹೋದಾಗ ಕಾಸಿಂ ಕುಂಞಿ ಕುಡಿಯುವ ನೀರಿನ ಎರಡು ದೊಡ್ಡ ಕ್ಯಾನ್‌ಗಳನ್ನು ಹೊರಗೆ ತಂದು, ಪಾತ್ರೆ ತೊಳೆಯುವ ಸೋಪು ಕೊಟ್ಟು, ತಾನೇ ಒಬ್ಬೊಬ್ಬರ ಕೈಗೆ ನೀರು ಹೊಯ್ದ. ಮಣ್ಣಿನ ಮೇಲೆ ನೀಲಿ ನೀರು ಹರಿಯಿತು. ಆಮೇಲೆ ಕಿಟಕಿ ತೆರೆದು ಎಲ್ಲರಿಗೂ ಬಡಿಸಿದ. ಉಂಡೆದ್ದ ಮೇಲೆ ಯಾರೂ ಹೊಲದ ಕಡೆ ಹೋಗಲಿಲ್ಲ. ಮಕ್ಬುಲ್ ಅಂಗಳದ ನಡುವೆ ಚಕ್ಕಳಬಕ್ಕಳ ಹಾಕಿ ಕೂತು, ಕೈಗವಸು ಬರದೆ ಏಳುವುದಿಲ್ಲ ಎಂದ. ಉಳಿದವರೂ ಅವನ ಪಕ್ಕ ಕೂತರು.

ಸಂಜೆಯ ಅಸರ್ ನಮಾಜಿನ ಹೊತ್ತಿಗೆ ಅಬು ನಾಸಿರ್ ಬಂದರು. ಬಿಳಿ ಗಡ್ಡದ, ಕಡಿಮೆ ಮಾತಿನ ಮನುಷ್ಯ. ಅಡುಗೆಮನೆ ಮುಚ್ಚಿದ್ದು ಯಾರು ಎಂದು ಕೇಳಿದರು. ಕಾಸಿಂ ಕುಂಞಿ ಮುಂದೆ ಬಂದು, ಹರಕು ಅರಬಿಯಲ್ಲಿ, ತಾನೇ ಎಂದ. ಚೀಲ ಕೊಟ್ಟ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಚೀಲದ ಮೂಲೆಯಲ್ಲಿದ್ದ ಕುರಿಯ ಚಿತ್ರಕ್ಕೆ ಅಡ್ಡಗೆರೆ ಎಳೆದಿತ್ತು.

"ಕುರಿಗೂ ಆಗದಾ?" ಅವರು ಡೋಲ್ಫಿಯತ್ತ ತಿರುಗಿದರು. "ಉಳಿದದ್ದನ್ನು ನನ್ನ ಕುರಿಗಳಿಗೆ ಹಾಕುತ್ತೇನೆ ಅಂದಿದ್ದೆಯಲ್ಲ?"

ಕುರಿಗಳ ಮೇಲಿನ ಕಾಳಜಿಯೋ, ನೆಲದ ಮೇಲೆ ಕೂತ ಇಪ್ಪತ್ಮೂರು ಜನರ ಹಟವೋ, ಅಂತೂ ಮರುದಿನ ಬೆಳಿಗ್ಗೆ ಕೈಗವಸುಗಳೂ ಮೂಗಿನ ಮಾಸ್ಕುಗಳೂ ಬಂದವು. ಹತ್ತಿರದ ನಲ್ಲಿಯಲ್ಲಿ ನೀರು ಬಂತು. ಹೊಲದ ಅಂಚಿನಲ್ಲಿ ಚೆಲ್ಲಿದ ಬೀಜವನ್ನು ಹಕ್ಕಿ ಹೆಕ್ಕದಂತೆ ಮಣ್ಣು ಎಳೆದು ಮುಚ್ಚಿದರು. ವಾರದೊಳಗೆ ಮಕ್ಬುಲನ ತಲೆನೋವು ಇಳಿಯಿತು.

ಆದರೆ ತಿಂಗಳ ಕೊನೆಗೆ ಕಫೀಲ್‌ನಿಂದ ಆಜ್ಞೆ ಬಂತು: ಅಡುಗೆಯವನು ಮೀನಾ ಅಬ್ದುಲ್ಲಾದಲ್ಲಿರುವ ಅವರ ತಮ್ಮನ ಕಾರ್ಮಿಕರ ಕ್ಯಾಂಪಿಗೆ ಹೋಗಲಿ. ಕೆಲಸ ನಿಲ್ಲಿಸಿದವನನ್ನು ತೋಟದಲ್ಲಿ ಇಟ್ಟುಕೊಳ್ಳುವುದು ಬೇಡ.

ಕರೆದುಕೊಂಡು ಹೋದವನು ಡೋಲ್ಫಿಯೇ. ರಿಫೈನರಿಯ ಚಿಮಣಿಗಳು ಕಾಣತೊಡಗಿದಾಗ ಅವನು ಮಾತು ತೆಗೆದ.

"ಬ್ಯಾರಿಗಳೇ, ಮೀನಿನ ವಿಷಯದಲ್ಲಿ ನಾನು ಹೇಳಿದ್ದು ತಪ್ಪು."

"ಹೂಂ. ತಪ್ಪೇ."

"ಒಂದು ಮಾತು, ತಪ್ಪಾಯ್ತು ಅಂತ ಮುದುಕರಿಗೆ ಹೇಳಿಬಿಡಿ. ನಾಳೆಯೇ ವಾಪಸ್ ಕರೆಸ್ತಾರೆ. ನಾನೇ ಮಾತಾಡ್ತೇನೆ."

ಕಾಸಿಂ ಕುಂಞಿ ಕಿಟಕಿಯ ಗಾಜು ಇಳಿಸಿದ. ಎಣ್ಣೆಯ ವಾಸನೆಯ ಗಾಳಿ ಒಳಗೆ ನುಗ್ಗಿತು.

"ಯಾವ ತಪ್ಪು ಪೊರ್ಬುಗಳೇ? ಹೆಸರು ಹೇಳಿ, ಕೇಳುವ."

ಕ್ಯಾಂಪಿನ ಗೇಟಿನಲ್ಲಿ ಗಾಡಿ ನಿಂತಿತು. ಅಲ್ಲಿನ ಫೋರ್ಮನ್ ಕಾಗದ ನೋಡಿ, ತೋಟ ಬಿಟ್ಟು ಇಲ್ಲಿಗೆ ಯಾಕೆ ಬಂದೆ ಎಂದು ಕೇಳಿದ.

"ಊಟ ಬಡಿಸ್ಲಿಲ್ಲ, ಅದಕ್ಕೆ ಕಳಿಸಿದ್ರು," ಎಂದ ಕಾಸಿಂ ಕುಂಞಿ. ಫೋರ್ಮನ್ ಹುಬ್ಬೇರಿಸಿದ. ಕಾಸಿಂ ಕುಂಞಿ ಹೆಗಲ ಚೀಲ ಕೆಳಗಿಳಿಸದೆ, ಗೇಟಿನಲ್ಲಿ ನಿಂತೇ, ನಡೆದದ್ದನ್ನೆಲ್ಲ ಮೊದಲಿನಿಂದ ಹೇಳತೊಡಗಿದ. ಸುತ್ತ ನಾಲ್ಕೈದು ಜನ ಬಂದು ಕೇಳುತ್ತ ನಿಂತರು.