ಶಮೀಮಳ ಹುಟ್ಟುಗೂದಲು

ಮಗುವಿನ ಮುಡಿ ತೆಗೆಸುವ ಅಕೀಖಾ ಶಾಸ್ತ್ರಕ್ಕೆಂದು ತಂದು ಕಟ್ಟಿದ್ದ ಮರಿ ದೊಡ್ಡ ಮೇಕೆಯಾಗಿ, ಹಿತ್ತಲಿನ ನುಗ್ಗೆಗಿಡವನ್ನು ಬಾಯಿಗೆ ಎಟುಕುವಷ್ಟೂ ಬೋಳಿಸಿತ್ತು. ಮಗುವಿನ ತಲೆ ಮಾತ್ರ ಬೋಳಾಗಿರಲಿಲ್ಲ. ಏಳನೆಯ ದಿನ ತೆಗೆಯಬೇಕಾಗಿದ್ದ ಹುಟ್ಟುಗೂದಲು, ಶಮೀಮ್ ಬಾನುವಿಗೆ ಎರಡು ವರ್ಷ ತುಂಬುತ್ತ ಬಂದರೂ ಹಾಗೇ ಇತ್ತು. ಕಣ್ಣಿನ ಮೇಲೆ ಬಿದ್ದು, ಸಿಕ್ಕುಗಟ್ಟಿ, ಹೇನಿಗೆ ಮನೆಯಾಗಿತ್ತು.

"ಏನ್ ಬಷೀರಮ್ಮ, ಮೇಕೆಗೆ ಗಡ್ಡ ಬಂದಾಯ್ತು. ಮೊಮ್ಮಗೀಗೂ ಬರೋಗಂಟ ಕಾಯ್ತೀಯಾ?" ಎಂದು ಬೇಲಿಯಾಚೆಯಿಂದ ಬೆಟ್ಟಮ್ಮ ಕೇಳಿದಳು.

"ಸುಮ್ಕಿರಮ್ಮಿ. ನಿನ್ ಮಾತ್ ಕೇಳಿದ್ದಕ್ಕೇ ಈ ಗತಿ ಬಂದಿರೋದು," ಎಂದಳು ಬಷೀರುನ್ನೀಸಾ.

ಅದು ನಿಜವೇ. ಮಗು ಹುಟ್ಟಿದ ಐದನೆಯ ದಿನ ಜ್ವರವೇರಿ ಮೈ ಸೆಟೆದುಕೊಂಡಾಗ, ಮದ್ದೂರಿನಿಂದ ಮಂಡ್ಯದ ಮಿಷನ್ ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದರು. ಜೊತೆಗೆ ಬಂದ ಬೆಟ್ಟಮ್ಮ ಜಗುಲಿಯಲ್ಲಿ ಕೂತು, "ಮುಡಿ ಕೊಡ್ತೀನಿ ಅಂತ ಹರಕೆ ಒತ್ಕೊ ಕಣಮ್ಮ," ಅಂದಿದ್ದಳು. ಯಾವ ದೇವರಿಗೆ ಎಂದರೆ, "ಯಾರ ಅಂಗಳದಾಗೆ ಕುಂತಿದ್ದೀಯೋ ಆ ದೇವ್ರಿಗೆ!" ದಿಕ್ಕುಗೆಟ್ಟ ಬಷೀರುನ್ನೀಸಾ ಗೋಡೆಯ ಶಿಲುಬೆಯ ಕಡೆ ತಿರುಗಿ, ಮಗುವಿನ ನೆತ್ತಿಯ ಮೇಲೆ ಕೈಯಿಟ್ಟು, ಈ ಕೂದಲು ನಿನ್ನದು ಎಂದುಬಿಟ್ಟಳು. ಮೂರನೆಯ ದಿನ ಮಗು ಹಾಲು ಕುಡಿಯಿತು.

ಪಾತ್ರೆಗಳಿಗೆ ಕಲಾಯಿ ಹಾಕುವ ಅವಳ ಮಗ, ಮಗುವಿನ ತಂದೆ ಶಫೀವುಲ್ಲಾ, "ಅಲ್ಲಾಹನಿಗಲ್ಲದೆ ಇನ್ನೊಬ್ಬರಿಗೆ ಹೊತ್ತದ್ದು ಹರಕೆಯೇ ಅಲ್ಲ ಅಮ್ಮೀ. ತೌಬಾ ಮಾಡಿ ಕ್ಷಮೆ ಕೇಳು, ಕೂದಲು ತೆಗೆಸು," ಎಂದು ಎರಡು ವರ್ಷದಿಂದ ಹೇಳುತ್ತಿದ್ದ. ತೆಗೆಸಿ, ಮಗುವಿಗೇನಾದರೂ ಆಗಿಬಿಟ್ಟರೆ? ಹೋಗಲಿ, ಆಸ್ಪತ್ರೆಗೇ ಒಯ್ದು ಒಪ್ಪಿಸೋಣವೆಂದರೆ, ಅವರು ತಲೆಗೆ ನೀರು ಹಾಕಿ ಮಗುವನ್ನೇ ತಮ್ಮ ಮತಕ್ಕೆ ಸೇರಿಸಿಕೊಂಡರೆ? ಈ ಎರಡು ಭಯಗಳ ನಡುವೆ ಕೂದಲು ಬೆಳೆಯುತ್ತಲೇ ಇತ್ತು.

ಆವತ್ತು ಮಗು ತಲೆ ಕೆರೆದು ಕೆರೆದು ರಕ್ತ ಬರಿಸಿಕೊಂಡಿತು. ಬಷೀರುನ್ನೀಸಾ ಅದನ್ನು ಸೊಂಟಕ್ಕೇರಿಸಿ ಸ್ಟೇಷನ್ನಿನ ದಾರಿ ಹಿಡಿದಳು. "ತಪ್ಪು ನಂದೂ ಅದೆ, ನಾನೂ ಬತ್ತೀನಿ," ಎಂದು ಬೆಟ್ಟಮ್ಮ ಹಿಂದೆಯೇ ಬಂದಳು. ಇಬ್ಬರೂ ಮಂಡ್ಯದ ರೈಲು ಹತ್ತಿದರು.

ನರ್ಸು ದಯಾಮಣಿ ಆಸ್ಪತ್ರೆಯ ಜಗುಲಿಯಲ್ಲಿ ಒಗೆದ ಬ್ಯಾಂಡೇಜು ಬಟ್ಟೆ ಸುತ್ತುತ್ತಿದ್ದಳು. ಯುದ್ಧ ಶುರುವಾದ ಮೇಲೆ ಹೊಸದು ಸಿಗದೆ ಇದ್ದದ್ದನ್ನೇ ಒಗೆದು ಬಳಸುತ್ತಿದ್ದರು. ಬಷೀರುನ್ನೀಸಾ ಒಂದು ತುದಿ ಹಿಡಿದುಕೊಂಡು, ಹೇಳಬೇಕಾದದ್ದನ್ನೆಲ್ಲ ಹೇಳಿದಳು.

ದಯಾಮಣಿಗೆ ನಗು ಬಂತು. "ನಮ್ಮ ಸ್ವಾಮಿಗೆ ಕೂದಲು ಯಾಕಮ್ಮ?"

"ನಗಬೇಡಿ ನರ್ಸಮ್ಮ. ಮಗುವೇ ಬೇಕು ಅಂದರೆ?"

ದಯಾಮಣಿಯ ಕೈ ನಿಂತಿತು. "ನೀವಾಗಿ ನಮ್ಮ ಕಡೆ ಬಂದರೆ ನನಗೆ ಸಂತೋಷವೇ, ಸುಳ್ಳು ಹೇಳೊಲ್ಲ. ಆದರೆ ಹೆದರಿಸಿ ಕರೆಯೋದು ನಮ್ಮ ಸ್ವಾಮಿಯ ರೀತಿ ಅಲ್ಲ. ಈ ಹೆದರಿಕೆ ಇಲ್ಲದಿದ್ದರೆ ನಮ್ಮ ಕಡೆ ಬರ್ತಿದ್ದಿರಾ?"

ಬಷೀರುನ್ನೀಸಾ ಬಟ್ಟೆಯ ಸುಕ್ಕು ತೀಡಿದಳು.

"ಇಲ್ಲ. ನಿಮ್ಮ ಸ್ವಾಮಿಯನ್ನ ಈಸಾ ಪೈಗಂಬರರು ಅಂತ ನಾವೂ ನಂಬ್ತೀವಿ. ಅವರ ತಾಯಿ ಮರಿಯಮ್ ಹೆಸರು ನಮ್ಮ ಕುರಾನಿನಲ್ಲೂ ಇದೆ. ಆದರೆ ದೇವರ ಮಗ ಅನ್ನೋಕೆ ನನಗೆ ನಾಲಿಗೆ ಏಳೊಲ್ಲ. ಅಲ್ಲಾಹನಿಗೆ ಹೆತ್ತವರಿಲ್ಲ, ಮಕ್ಕಳಿಲ್ಲ. ನಮ್ಮ ಯಜಮಾನರು ಪ್ಲೇಗಿನಲ್ಲಿ ಹೋದರಲ್ಲ, ಸಾವು ಮುಟ್ಟಲಾರದವನು ಒಬ್ಬ ಇದ್ದಾನೆ ಅಂತಲೇ ನಾನು ಅವತ್ತು ಉಸಿರು ಹಿಡಿದದ್ದು. ಅವನೂ ಒಂದು ದಿನ ಸತ್ತಿದ್ದ ಅಂದರೆ ನಾನು ಯಾರನ್ನ ಕೂಗಲಿ?"

"ನಾನು ನಿಮ್ಮ ಕಡೆ ಬರಲಾರದ್ದೂ ಅದಕ್ಕೇ ನೋಡಿ," ಎಂದಳು ದಯಾಮಣಿ. "ದಿನಾ ನರಳೋರ ನಡುವೆ ಇರ್ತೀನಿ. ನೋವನ್ನ ಮೈಯಲ್ಲಿ ಉಂಡ ದೇವರು ಪಕ್ಕದಲ್ಲಿದ್ದಾನೆ ಅಂದರೇ ನನ್ನ ಕೈ ಆಡೋದು. ಆ ಶಿಲುಬೆ ತೆಗೆದರೆ ನನಗೆ ಉಳಿಯೋದು ಬರೀ ಗೋಡೆ."

"ಅವರನ್ನ ಶಿಲುಬೆಗೆ ಹಾಕಲೇ ಇಲ್ಲ, ಅಲ್ಲಾಹನೇ ಮೇಲಕ್ಕೆ ಎತ್ತಿಕೊಂಡ ಅಂತಾರೆ ನಮ್ಮಲ್ಲಿ."

"ಗೊತ್ತಮ್ಮ. ಅಲ್ಲೇ ನಮ್ಮ ದಾರಿ ಕವಲೊಡೆಯೋದು."

ಬೆಟ್ಟಮ್ಮನಿಗೆ ತಡೆಯಲಾಗಲಿಲ್ಲ. "ನಿಮ್ಮಿಬ್ರು ದೇವ್ರಿಗೂ ಕೂದ್ಲು ಬ್ಯಾಡವಾ? ಇತ್ಲಾಗೆ ಕೊಡಿ, ನಮ್ಮ ಮದ್ದೂರಮ್ಮಂಗೆ ಕೊಟ್ಬುಡ್ತೀನಿ!"

"ನೀನು ಬಾಯ್ಮುಚ್ಕೊಂಡಿರಮ್ಮಿ!" ಎಂದ ಬಷೀರುನ್ನೀಸಾಳಿಗೂ ನಗು ತಡೆಯಲಿಲ್ಲ. ಎರಡು ವರ್ಷದಿಂದ ಎದೆಯ ಮೇಲಿದ್ದ ಭಾರ ಆ ನಗುವಿನಲ್ಲಿ ಸ್ವಲ್ಪ ಸರಿಯಿತು. ಆದರೂ ಬರಿಗೈಯಲ್ಲಿ ಏಳಲು ಮನಸ್ಸಾಗಲಿಲ್ಲ. ಜಗುಲಿಯ ಮೂಲೆಯ ಒಲೆಯ ಮೇಲೆ ಎಳೆಗೂಸುಗಳ ಹಾಲು ಕಾಯಿಸುವ ತಾಮ್ರದ ಪಾತ್ರೆಯಿತ್ತು. ಶಮೀಮಳ ಮೊದಲ ಒಳಲೆ ಹಾಲೂ ಅದರಿಂದಲೇ ಬಂದದ್ದು. ಕಲಾಯಿಯವನ ತಾಯಿಯ ಕಣ್ಣು. ಕಂಠದ ಒಳಗೆ ಹಸಿರು ಕಿಲುಬು ಹಿಡಿದದ್ದು ತಟ್ಟನೆ ಕಂಡಿತು.

"ಈ ಪಾತ್ರೆಯಲ್ಲಿ ಹಾಲು ಕಾಯಿಸಬೇಡಿ ನರ್ಸಮ್ಮ, ವಿಷವಾಗ್ತದೆ. ನನ್ನ ಮಗನನ್ನ ಕಳಿಸ್ತೀನಿ, ಕಲಾಯಿ ಹಾಕ್ತಾನೆ."

"ಅದಕ್ಕೆ ಬೇಕಾದ ತವರ ಎಲ್ಲೂ ಸಿಗ್ತಿಲ್ಲವಂತೆ?"

"ಅವನ ಹತ್ತಿರ ಒಂದು ತುಂಡು ಇದೆ. ಕೊಟ್ಟ ಮಾತು ಕೂದಲಿಂದಲೇ ತೀರಬೇಕು ಅಂತೇನಿಲ್ಲ," ಎಂದಳು ಬಷೀರುನ್ನೀಸಾ.

ಶುಕ್ರವಾರ ಅಕೀಖಾ ನಡೆಯಿತು. ಕ್ಷೌರಿಕ ಕತ್ತಿ ಮಸೆಯುವುದನ್ನು ಕಂಡದ್ದೇ ಶಮೀಮ್ ಕಿರುಚಿ ಅಮ್ಮನನ್ನೂ ಅಜ್ಜಿಯನ್ನೂ ಒದ್ದಳು. ಕರೆಯ ಮೇರೆಗೆ ರೈಲಿನಲ್ಲಿ ಬಂದಿದ್ದ ದಯಾಮಣಿ ಅವಳನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಹಟಮಾರಿ ಮಕ್ಕಳನ್ನು ಹಿಡಿದು ಪಳಗಿದ ಕೈ. ಬಷೀರುನ್ನೀಸಾ ಬಿಸ್ಮಿಲ್ಲಾ ಎಂದಳು. ದಯಾಮಣಿಯ ತುಟಿಯೂ ಏನನ್ನೋ ಹೇಳಿಕೊಳ್ಳುತ್ತಿತ್ತು; ಏನೆಂದು ಯಾರೂ ಕೇಳಲಿಲ್ಲ. ಮೊದಲ ಗೊಂಚಲು ಬಿದ್ದಾಗ ಶಫೀವುಲ್ಲಾ ಅದನ್ನು ಅಂಗೈಯಲ್ಲಿ ಹಿಡಿದು, ಬಹಳ ಹೊತ್ತು ನೋಡಿದ.

"ಈಗ ಮಗು ಮಗು ಅಂಗೆ ಕಾಣ್ತದೆ," ಎಂದು ಬೇಲಿಯಾಚೆಯಿಂದ ಕೂಗಿದಳು ಬೆಟ್ಟಮ್ಮ.

ಸೋಮವಾರ ಬೆಳಿಗ್ಗೆ ಶಫೀವುಲ್ಲಾ ತಾಯಿ ನೆನಪು ಮಾಡುವ ಮೊದಲೇ ಕಲಾಯಿ ಕೆಲಸದ ತಿದಿಯನ್ನೂ ನವಸಾಗರದ ಪೊಟ್ಟಣವನ್ನೂ ಕೊನೆಯ ತವರದ ತುಂಡನ್ನೂ ಚೀಲಕ್ಕೆ ಹಾಕಿಕೊಂಡು ಮಂಡ್ಯದ ರೈಲಿಗೆ ಹೊರಟ.

"ಅಮ್ಮೀ, ಅಲ್ಲಿ ತಾಮ್ರದ್ದು ಒಂದೇ ಪಾತ್ರೆಯೋ, ಇನ್ನೂ ಇವೆಯೋ?"

"ಹೋಗಿ ನೋಡು," ಎಂದಳು ಬಷೀರುನ್ನೀಸಾ, ಮೊಮ್ಮಗಳ ನುಣ್ಣನೆಯ ನೆತ್ತಿಗೆ ಎಣ್ಣೆ ತಿಕ್ಕುತ್ತ. "ಇದ್ದರೆ ಎಲ್ಲಕ್ಕೂ ಹಾಕು."